ಮಳೆಗಾಲ, ಮನೆಯಲ್ಲೇ ಆಫೀಸು, ಮನೆಯಲ್ಲೇ ಒಂದನೇ ಕ್ಲಾಸು: ನೀವು ಹೇಗೆ ನಿಭಾಯಿಸುತ್ತಿದ್ದೀರಿ?

ಗಾಳಿಬೀಡಿನ ಅವ್ವ | ಜುಲೈ 9, ರಾತ್ರಿ 10:50

ಮಗಳು ಮಲಗಿದ್ದಾಳೆ, ಕರೆಂಟೂ ಇದೆ. ಇವೆರಡು ಒಟ್ಟಿಗೆ ಸಿಗುವುದು ಅಪರೂಪ. ಅದಕ್ಕೇ ಈಗಲೇ ಬರೆದುಬಿಡುತ್ತೇನೆ.

ನಮ್ಮ ಮನೆ ಮಡಿಕೇರಿಯಿಂದ ಗಾಳಿಬೀಡು ಕಡೆ, ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ನಾನು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ಅತ್ತೆ ಜೊತೆಗಿದ್ದಾರೆ, ಅವರು ಮಗುವನ್ನು ನೋಡಿಕೊಳ್ಳುತ್ತಾರೆ. ಮಗಳಿಗೆ ಆರು ತುಂಬಿತು. ಕಳೆದ ವರ್ಷ ಯುಕೆಜಿಗೆ ವ್ಯಾನಿನಲ್ಲಿ ಹೋಗುತ್ತಿದ್ದಳು. ತಿರುವು ಬಂದರೆ ವಾಂತಿ. ಮಳೆ ಜೋರಾದರೆ ರಜೆ. ರಜೆಯ ಸುದ್ದಿ ಮೊಬೈಲಿಗೆ ಬರುವ ಹೊತ್ತಿಗೆ ಯೂನಿಫಾರ್ಮ್ ಹಾಕಿ, ಶೂ ಕಟ್ಟಿ ಕೂತಿರುತ್ತಿದ್ದಳು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದನ್ನು ಕಂಡವರು ನಾವು. ಮಳೆಯಲ್ಲಿ ಅವಳ ವ್ಯಾನು ಹತ್ತು ನಿಮಿಷ ತಡವಾದರೂ ನನಗೆ ಕೆಲಸ ಓಡುತ್ತಿರಲಿಲ್ಲ. ಹಾಗಾಗಿ ಈ ಒಂದು ವರ್ಷ ಮನೆಯಲ್ಲೇ ಕಲಿಸೋಣ ಅಂತ ತೀರ್ಮಾನ ಮಾಡಿದೆವು.

ಜೂನ್ ಒಂದಕ್ಕೆ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದೆ. 9ಕ್ಕೆ ಕನ್ನಡ, 10ಕ್ಕೆ ಗಣಿತ, 11ಕ್ಕೆ ಇಂಗ್ಲಿಷ್. ನಾನು ನನ್ನ ಮೇಜಿನಲ್ಲಿ, ಅವಳು ಪಕ್ಕದ ಸಣ್ಣ ಮೇಜಿನಲ್ಲಿ. ಮೂರನೇ ದಿನಕ್ಕೆ ಅದು ಗೋಡೆಯ ಮೇಲೆ ಮಾತ್ರ ಉಳಿಯಿತು. ಮೀಟಿಂಗ್ ಇರುವಾಗಲೇ ಅವಳಿಗೆ ಅನುಮಾನ ಬರುತ್ತದೆ. ಅನುಮಾನ ಇಲ್ಲದಾಗ ನನಗೆ ಮೀಟಿಂಗೂ ಇರುವುದಿಲ್ಲ! ಅದರ ಮೇಲೆ ಶೀಟಿಗೆ ಬೀಳುವ ಮಳೆ. ಆ ಕಡೆಯವರು ‘ನಿಮ್ಮಲ್ಲಿ ಏನೋ ಮಿಷನ್ ಓಡ್ತಿದೆಯಾ?’ ಅಂತ ಕೇಳುತ್ತಾರೆ.

ಇಷ್ಟಾದರೆ ನಗಬಹುದಿತ್ತು. ಮೊನ್ನೆ ತುರ್ತು ಕೆಲಸವೊಂದಿತ್ತು. ಇವಳು ಬಂದು ‘ಅವ್ವ, ಇದು ಆರಾ, ಒಂಬತ್ತಾ?’ ಅಂದಳು. ‘ಎಷ್ಟು ಸಲ ಕೇಳ್ತಿ?’ ಅಂತ ರೇಗಿಬಿಟ್ಟೆ. ‘ನಾಲ್ಕು ಸಲ’ ಅಂದಳು. ಲೆಕ್ಕ ಸರಿಯಾಗಿಯೇ ಇತ್ತು. ಮೊದಲ ಮೂರು ಸಲ ನನಗೆ ಕೇಳಿಸಿಯೇ ಇರಲಿಲ್ಲ.

ಹೀಗೆ ಮಾಡುತ್ತಿರುವವರು ಇಲ್ಲಿ ಯಾರಾದರೂ ಇದ್ದೀರಾ? ದಿನಕ್ಕೆ ಎಷ್ಟು ಹೊತ್ತು ಕಲಿಸುತ್ತೀರಿ? ಕೆಲಸದ ಕಡೆ ಏನು ಹೇಳಿದ್ದೀರಿ?

ಮಡಿಕೇರಿಯವಳು, ಈಗ ಬೆಂಗಳೂರು | ಜುಲೈ 9, ರಾತ್ರಿ 11:15

ಎಲ್ಲ ಬಿಟ್ಟು ಇಲ್ಲಿಗೆ ಬನ್ನಿ ಅಕ್ಕ. ಇಲ್ಲಿ ಗುಡ್ಡ ಜಾರುವುದಿಲ್ಲ, ವ್ಯಾನು ಮಾತ್ರ ಎರಡು ಗಂಟೆ ಟ್ರಾಫಿಕ್‌ನಲ್ಲಿ ನಿಲ್ಲುತ್ತದೆ. ವಾಂತಿ ಇಲ್ಲೂ ಇದ್ದದ್ದೇ.

ಪೊನ್ನಂಪೇಟೆ ಅಪ್ಪ | ಜುಲೈ 10, ಬೆಳಗ್ಗೆ 6:20

ನಾವು ಎರಡನೇ ವರ್ಷದಲ್ಲಿದ್ದೇವೆ. ದೊಡ್ಡವನಿಗೆ ಒಂಬತ್ತು, ಸಣ್ಣವಳಿಗೆ ಆರು. ನನ್ನ ಹೆಂಡತಿ ಬ್ಯಾಂಕಿಗೆ ಹೋಗುತ್ತಾಳೆ, ಮನೆಯಲ್ಲಿರುವವನು ನಾನು.

ನನಗೆ ಉಳಿವು ಕೊಟ್ಟಿದ್ದು ಲಂಡನ್ನಿನ ಗಡಿಯಾರ. ನಮ್ಮ ಕ್ಲೈಂಟ್ ಅಲ್ಲಿಯವರು. ಅವರ ಬೆಳಗ್ಗೆ 9 ಅಂದರೆ ಈಗ ನಮಗೆ ಮಧ್ಯಾಹ್ನ 1:30. ಅಕ್ಟೋಬರ್ ಕೊನೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದೆ ಹಾಕುತ್ತಾರೆ, ಆಗ 2:30. ಬೆಳಗ್ಗೆ ಪೂರ್ತಿ ಮಕ್ಕಳಿಗೆ. ಆದರೆ ರಾತ್ರಿ ಹತ್ತರವರೆಗೆ ನಾನು ರೂಮಿನಲ್ಲಿ. ಮಕ್ಕಳು ಮಲಗುವಾಗ ಒಂದು ದಿನವೂ ನಾನು ಪಕ್ಕದಲ್ಲಿರುವುದಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಪುಕ್ಕಟೆ ಯಾವುದೂ ಸಿಗುವುದಿಲ್ಲ ಅಲ್ವಾ.

ನಮ್ಮ ಗಣಿತದ ಕ್ಲಾಸು ಮಳೆಮಾಪಕದ ಹತ್ತಿರ. ನಮ್ಮ ತಂದೆ ನಲವತ್ತು ವರ್ಷ ಡೈರಿಯಲ್ಲಿ ಮಳೆ ಬರೆದವರು. ತೋಟದವರ ಲೆಕ್ಕ ಗೊತ್ತಲ್ಲ, ಇಂಚು ಮತ್ತು ಸೆಂಟ್ಸ್. ನೂರು ಸೆಂಟ್ಸ್‌ಗೆ ಒಂದು ಇಂಚು. ಬೆಳಗ್ಗೆ 8:30ಕ್ಕೆ ಇಬ್ಬರೂ ಕೊಡೆ ಹಿಡಿದು ಹೋಗುತ್ತಾರೆ. ಸಣ್ಣವಳು ಓದಿ ಹೇಳಬೇಕು, ದೊಡ್ಡವನು ಬರೆದು ನಿನ್ನೆಯ ಒಟ್ಟಿಗೆ ಕೂಡಬೇಕು. ‘ಇವತ್ತು 2 ಇಂಚು 35 ಸೆಂಟ್ಸ್’ ಅಂದರೆ ಅಲ್ಲೇ ದಶಮಾಂಶ ಬಂದುಬಿಟ್ಟಿತು. ನಾನು ಆ ಪದ ಬಾಯಿಬಿಟ್ಟಿಲ್ಲ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಟಿವಿಯಲ್ಲಿ ಹೇಳುವ ಮಳೆಗೂ ನಮ್ಮ ಮನೆಯ ಮಳೆಗೂ ಎಷ್ಟು ವ್ಯತ್ಯಾಸ ಅಂತ ದೊಡ್ಡವನು ತಾನೇ ಲೆಕ್ಕ ಹಾಕಿ ಜಗಳಕ್ಕೆ ಬರುತ್ತಾನೆ.

ಕೆಲಸದ ಕಡೆ ನಾನು ನೇರವಾಗಿ ಹೇಳಿದೆ. ‘ಬೆಳಗ್ಗೆ ನಾನು ಸಿಗುವುದಿಲ್ಲ, ಮಕ್ಕಳಿಗೆ ಪಾಠ ಇದೆ’ ಅಂತ. ಯಾರೂ ಏನೂ ಅನ್ನಲಿಲ್ಲ.

ವಿರಾಜಪೇಟೆ ಹಳೆಯ ಹೋಂಸ್ಕೂಲು | ಜುಲೈ 10, ಬೆಳಗ್ಗೆ 9:05

ಅಣ್ಣ, ನೀವು ಹೇಳಿದರೆ ‘ಎಷ್ಟು ಒಳ್ಳೆ ಅಪ್ಪ’ ಅನ್ನುತ್ತಾರೆ. ನಾನು ಅದನ್ನೇ ಹೇಳಿದ ವರ್ಷ ‘ಕೆಲಸದ ಮೇಲೆ ಗಮನ ಕಡಿಮೆ’ ಅಂತ ಬರೆದರು, ಇನ್‌ಕ್ರಿಮೆಂಟ್ ಅರ್ಧಕ್ಕೆ ನಿಂತಿತು. ಗಾಳಿಬೀಡಿನವರು ಹೇಳುವ ಮೊದಲು ಯೋಚಿಸಲಿ. ಸುಮ್ನೆ ಕ್ಯಾಲೆಂಡರ್‌ನಲ್ಲಿ ಒಂದು ಗಂಟೆ ಮುಚ್ಚಿಡಿ, ಕಾರಣ ಬರೆಯಬೇಡಿ. ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ನಾವು ಒಂದು ವರ್ಷ ಮನೆಯಲ್ಲಿ ಕಲಿಸಿ ಮಗನನ್ನು ಎರಡನೇ ಕ್ಲಾಸಿಗೆ ಶಾಲೆಗೆ ಹಾಕಿದೆವು. ಓದು, ಲೆಕ್ಕ ಎಲ್ಲ ಮುಂದೆಯೇ ಇದ್ದ. ಆದರೆ ಸರದಿ ಕಾಯಲು ಬರುತ್ತಿರಲಿಲ್ಲ. ಟೀಚರ್ ಬೇರೆ ಮಗುವಿನ ಜೊತೆ ಮಾತಾಡುತ್ತಿದ್ದರೆ ಮಧ್ಯೆ ಹೋಗಿ ಕೈ ಎಳೆಯುತ್ತಿದ್ದ. ಮನೆಯಲ್ಲಿ ಅವನಿಗೆ ಪೈಪೋಟಿ ಇದ್ದದ್ದು ನನ್ನ ಲ್ಯಾಪ್‌ಟಾಪ್ ಜೊತೆ ಮಾತ್ರ. ಅದನ್ನು ಅವನು ಮುಚ್ಚಿಬಿಡುತ್ತಿದ್ದ! ಸರಿಹೋಗಲು ದಸರಾ ತನಕ ಹಿಡಿಯಿತು. ನಾನು ಬೇಡ ಅನ್ನುತ್ತಿಲ್ಲ. ವಾರದಲ್ಲಿ ಎರಡು ದಿನವಾದರೂ ಬೇರೆ ಮಕ್ಕಳ ಜೊತೆ ಬಿಡಿ, ಅಷ್ಟೇ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ ಕಡೆ | ಜುಲೈ 10, ಸಂಜೆ 5:40

ನಾನು ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಗೆ ಬಹಳ ವರ್ಷ ಪಾಠ ಮಾಡಿದವನು. ಈ ತಾಯಿ ಕೇಳಿದ ಪ್ರಶ್ನೆ ನಮ್ಮ ಹಳೆಯ ಪ್ರಶ್ನೆಯೇ.

ಲೆಕ್ಕ ಹಾಕಿ. ಕೋಣೆಯಲ್ಲಿ ಮೂವತ್ತು ಮಕ್ಕಳು, ಮೇಷ್ಟ್ರು ಒಬ್ಬನೇ. ಒಂದು ಮಗುವಿನ ಮುಖ ನೋಡಿ, ಅದರ ಸ್ಲೇಟು ನೋಡಿ ನಾನು ಮಾತಾಡುತ್ತಿದ್ದುದು ದಿನಕ್ಕೆ ಐದು ನಿಮಿಷವಾದರೆ ಜಾಸ್ತಿ. ನೀವು ಒಬ್ಬಳೇ ಮಗಳ ಪಕ್ಕ ಮುಕ್ಕಾಲು ಗಂಟೆ ಪೂರ್ತಿ ಕೂತರೆ ಎಷ್ಟಾಯಿತು? 9ರಿಂದ 12ರ ಟೈಮ್‌ಟೇಬಲ್ ಹರಿದು ಒಲೆಗೆ ಹಾಕಿ. ಈ ಮಳೆಯಲ್ಲಿ ಒಲೆ ಹಚ್ಚಲಿಕ್ಕಾದರೂ ಆಗುತ್ತದೆ.

ಎರಡನೆಯದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ಆಮೇಲೆ ನಮ್ಮ ಶಾಲೆಗೂ ಬಂತು. ಹಾಡು, ಆಟ, ಕಾರ್ಡು ಅಂತ ಜನ ಅದನ್ನು ನೆನಪಿಟ್ಟುಕೊಂಡಿದ್ದಾರೆ. ಅದರ ಜಾಣತನ ಇದ್ದದ್ದು ಕೂರಿಸುವುದರಲ್ಲಿ. ಹೊಸ ಪಾಠದವರು ಮೇಷ್ಟ್ರ ಹತ್ತಿರ. ಅರ್ಧ ಬಂದವರು ಗೆಳೆಯರ ಜೊತೆ. ಚೆನ್ನಾಗಿ ಬಂದವರು ತಮ್ಮಷ್ಟಕ್ಕೆ ತಾವು. ಒಬ್ಬನೇ ಮೇಷ್ಟ್ರು ಮೂರು ತರಗತಿ ನಡೆಸಲು ಆಗುತ್ತಿದ್ದುದು ಅದರಿಂದ.

ನೀವು ಅದನ್ನು ತಿರುಗಾಮುರುಗಾ ಮಾಡಿದ್ದೀರಿ ಅನಿಸುತ್ತದೆ. ಮೀಟಿಂಗ್ ಇರುವಾಗ ಮಗು ಸುಮ್ಮನಿರಲಿ ಅಂತ ಹೊಸ ಹಾಳೆ ಕೊಡುತ್ತೀರಿ. ಹೊಸದು ಅಂದಮೇಲೆ ಅದು ಕೇಳದೆ ಇನ್ನೇನು ಮಾಡುತ್ತದೆ? ಹೊಸದು ನೀವು ಬಿಡುವಾಗಿದ್ದಾಗ ಮಾತ್ರ. ಮೀಟಿಂಗ್ ಹೊತ್ತಿಗೆ ಚೆನ್ನಾಗಿ ಬರುವುದನ್ನೇ ಕೊಡಿ. ಹುಣಸೆ ಬೀಜ ಹತ್ತರಂತೆ ಗುಂಪು ಮಾಡುವುದು, ಬಂದ ಪದಗಳನ್ನೇ ಮತ್ತೆ ಬರೆಯುವುದು, ಚಿತ್ರಕ್ಕೆ ಬಣ್ಣ. ‘ಬರುವುದನ್ನೇ ಯಾಕೆ ಮಾಡಿಸುವುದು, ಸಮಯ ದಂಡ’ ಅಂತ ಅನ್ನಿಸುತ್ತದೆ. ದಂಡ ಅಲ್ಲ. ಕೈ ಪಳಗುವುದು ಆಗಲೇ.

ಗಾಳಿಬೀಡಿನ ಅವ್ವ | ಜುಲೈ 10, ರಾತ್ರಿ 9:30

ಮೇಷ್ಟ್ರೇ, ನಮ್ಮ ಮನೆಗೆ ಬಂದು ನೋಡಿದ ಹಾಗೆ ಬರೆದಿದ್ದೀರಿ. ಆವತ್ತು ಅವಳ ಕೈಗೆ ಕೊಟ್ಟಿದ್ದೂ ಹೊಸ ಹಾಳೆಯೇ.

ಇನ್ನೊಂದು ಪ್ರಶ್ನೆ. ಕನ್ನಡವನ್ನು ಅ, ಆ, ಇ, ಈ ಅಂತ ಶುರು ಮಾಡಿದೆ. ‘ಋ’ ಬಂದಾಗ ಅವಳು ಪೆನ್ಸಿಲ್ ಇಟ್ಟು ಎದ್ದು ಹೋದಳು. ಮನೆಯಲ್ಲಿ ನಾವು ಅರೆಭಾಷೆ ಮಾತಾಡುವುದು. ಪುಸ್ತಕದ ಕನ್ನಡ ಅವಳಿಗೆ ಸ್ವಲ್ಪ ದೂರವೇ. ಮನೆಯಲ್ಲೂ ಪುಸ್ತಕದ ಕನ್ನಡವನ್ನೇ ಮಾತಾಡಬೇಕಾ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ ಕಡೆ | ಜುಲೈ 10, ರಾತ್ರಿ 10:10

‘ಋ’ ನೋಡಿ ನಾನೂ ಎದ್ದು ಹೋಗುತ್ತಿದ್ದೆ.

ರ, ಗ, ಸ, ದ, ಅ. ಇಲ್ಲಿಂದ ಶುರು ಮಾಡಿ. ನಲಿ-ಕಲಿಯ ಮೊದಲ ಗುಂಪು ಇದು. ಇವುಗಳ ತಿರುವು ಒಂದನ್ನೊಂದು ಹೋಲುತ್ತದೆ, ಒಂದು ಬಂದರೆ ಇನ್ನೊಂದಕ್ಕೆ ಕೈ ತಾನಾಗಿ ಹೋಗುತ್ತದೆ. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗದಗ ಎಲ್ಲ ಓದಬಹುದು. ಮೊದಲ ವಾರವೇ ಮಗು ‘ನನಗೆ ಓದಲು ಬಂತು’ ಅನ್ನುತ್ತದೆ. ವರ್ಣಮಾಲೆಯ ಕ್ರಮ ಆಮೇಲೆ ಬಾಯಿಪಾಠ ಮಾಡಿದರಾಯಿತು. ಕಾಗುಣಿತಕ್ಕೆ ಅವಸರ ಬೇಡ, ಒತ್ತಕ್ಷರ ಇನ್ನೂ ದೂರ.

ಮನೆಮಾತನ್ನು ಬದಲಿಸಬೇಡಿ. ಅರೆಭಾಷೆಯಲ್ಲಿ ಕಥೆ ಹೇಳಬಲ್ಲ ಮಗು ಕನ್ನಡದಲ್ಲೂ ಹೇಳುತ್ತದೆ. ನನ್ನ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಮನೆಯ ಮಕ್ಕಳೂ ಇದ್ದರು. ಮನೆಮಾತು ಯಾರಿಗೂ ಅಡ್ಡ ಬರಲಿಲ್ಲ. ಮಾತೇ ಆಡಿಸದೆ ಬೆಳೆಸಿದ ಮಕ್ಕಳಿಗೆ ಮಾತ್ರ ಕಷ್ಟವಾಯಿತು.

ಸಿದ್ದಾಪುರ ತೋಟದ ಮನೆ | ಜುಲೈ 11, ಬೆಳಗ್ಗೆ 7:00

ಪೊನ್ನಂಪೇಟೆ ಅಣ್ಣನ ಮಳೆಮಾಪಕ ಚೆನ್ನಾಗಿದೆ. ಆದರೆ ‘ತೋಟವೇ ಶಾಲೆ’ ಅಂತ ಯಾರೂ ಶುರು ಮಾಡಬೇಡಿ, ಕೈ ಮುಗಿಯುತ್ತೇನೆ. ಸಿದ್ದಾಪುರ, ಪಾಲಿಬೆಟ್ಟ ಕಡೆ ಬಂದು ನೋಡಿ. ಬೆಳಗ್ಗೆ ಆನೆ ಯಾವ ಕಡೆ ಇದೆ ಅಂತ ವಾಟ್ಸಾಪ್‌ನಲ್ಲಿ ನೋಡಿಯೇ ನಾವು ಗೇಟು ತೆಗೆಯುವುದು. ಮಗುವನ್ನು ಒಬ್ಬನೇ ಅಂಗಳ ದಾಟಲು ಬಿಡುವುದಿಲ್ಲ. ನಮಗೆ ಶಾಲೆಯ ಕಾಂಪೌಂಡೇ ಸುರಕ್ಷಿತ ಆಟದ ಜಾಗ. ನನ್ನ ಮಗ ಶಾಲೆಗೇ ಹೋಗುತ್ತಾನೆ, ನಾನು ಮನೆಯಿಂದ ಕೆಲಸ ಮಾಡುತ್ತೇನೆ. ರಜೆಯ ದಿನ ಮಾತ್ರ ನಿಮ್ಮ ಕಷ್ಟ ನನ್ನ ಕಷ್ಟ ಒಂದೇ.

ರೂಟರ್‌ಗೆ ಬೇರೆ ಸಣ್ಣ ಯುಪಿಎಸ್ ಹಾಕಿಸಿ, 12 ವೋಲ್ಟಿನದು ಸಿಗುತ್ತದೆ. ಇನ್ವರ್ಟರ್ ಕೈಕೊಟ್ಟರೂ ಮೀಟಿಂಗ್ ಮುಗಿಸಬಹುದು. ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತುಬಿಡಿ. ಏಪ್ರಿಲ್‌ನಲ್ಲಿ ನನ್ನದೊಂದು ರೂಟರ್ ಸುಟ್ಟು ಹೋಯಿತು.

ಕುಶಾಲನಗರದವನು | ಜುಲೈ 11, ಮಧ್ಯಾಹ್ನ 2:15

ಕಾನೂನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನನ್ನ ಅಕ್ಕನ ಮಗಳಿಗಾಗಿ ಇದನ್ನೆಲ್ಲ ಓದಬೇಕಾಯಿತು.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಮನೆಶಾಲೆಗೆ ಅದರಲ್ಲಿ ಪ್ರತ್ಯೇಕ ಒಪ್ಪಿಗೆಯೂ ಇಲ್ಲ, ಪ್ರತ್ಯೇಕ ನಿಷೇಧವೂ ಇಲ್ಲ. ಹಾಗಾಗಿ ‘ಶಾಲೆಗೆ ಯಾಕೆ ಕಳಿಸಿಲ್ಲ’ ಅಂತ ಯಾರಾದರೂ ಕೇಳಿಕೊಂಡು ಬರಬಹುದು. ಮಗು ಏನು ಕಲಿಯುತ್ತಿದೆ ಅಂತ ತೋರಿಸಲು ಒಂದು ನೋಟ್‌ಬುಕ್ ಇಡಿ, ತಾರೀಕು ಹಾಕಿ. ಮುಂದೆ ಶಾಲೆಗೆ ಸೇರಿಸುವಾಗ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಒಂದನೇ ಕ್ಲಾಸಿಗೆ ಹೋಗದಿದ್ದರೆ ಎರಡನೆಯದಕ್ಕೆ ಸೀಟೇ ಇಲ್ಲ ಅಂತ ಹೆದರಬೇಡಿ.

ದೊಡ್ಡವರಾದ ಮೇಲೂ ಮನೆಯಲ್ಲೇ ಕಲಿಸುವವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಎನ್ಐಒಎಸ್. ಅದರಲ್ಲಿ ಎ, ಬಿ, ಸಿ ಅಂತ ಮೂರು ಹಂತ. ಮೂರು, ಐದು, ಎಂಟನೇ ತರಗತಿಗೆ ಸಮ. ಹತ್ತನೆಯದಕ್ಕೆ ಸೇರಲು 14 ತುಂಬಿರಬೇಕು. ಆರು ವರ್ಷದ ಮಗುವಿಗೆ ಈಗಲೇ ಅದರ ಚಿಂತೆ ಬೇಡ.

ಪಾಠಪುಸ್ತಕಕ್ಕೆ ದುಡ್ಡು ಹಾಕಬೇಡಿ. ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ, ದೀಕ್ಷಾ ಆ್ಯಪ್‌ನಲ್ಲೂ ಇದೆ. ನೆಟ್ ಚೆನ್ನಾಗಿದ್ದ ದಿನ ಇಳಿಸಿಟ್ಟುಕೊಳ್ಳಿ. 2020ರಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿದ್ದು ಮರೆತಿಲ್ಲ ತಾನೆ?

ಚೇರಂಬಾಣೆ ಅಜ್ಜಿ | ಜುಲೈ 11, ರಾತ್ರಿ 8:00

ಮೊಮ್ಮಗ ಟೈಪ್ ಮಾಡಲು ಕಲಿಸಿದ್ದಾನೆ, ತಪ್ಪಿದ್ದರೆ ಬೈಯಬೇಡಿ.

ಎಲ್ಲರೂ ಓದಿದೆ. ‘ಅತ್ತೆ ಜೊತೆಗಿದ್ದಾರೆ, ಅವರು ನೋಡಿಕೊಳ್ಳುತ್ತಾರೆ’ ಅಂತ ಒಂದು ಸಾಲು ಬರೆದು ಮುಂದೆ ಹೋದಿರಿ. ಆಮೇಲೆ ಅತ್ತೆಯ ಸುದ್ದಿ ಯಾರೂ ಎತ್ತಲಿಲ್ಲ. ನಾನೂ ಅಂಥ ಒಬ್ಬಳು ಅತ್ತೆ. ನನಗೆ 66. ಸೊಸೆ ರೂಮಿನ ಬಾಗಿಲು ಹಾಕಿದ ಮೇಲೆ ಮಗು ನನ್ನದು. ಅಡುಗೆಯೂ ನನ್ನದು. ಮಗು ಅತ್ತರೆ ಬಾಗಿಲು ತೆಗೆದು ‘ಅತ್ತೆ, ಸ್ವಲ್ಪ ಮೆತ್ತಗೆ’ ಅನ್ನುತ್ತಾಳೆ. ಒಳ್ಳೆಯ ಹುಡುಗಿ, ಬೇಕಂತ ಅನ್ನುವುದಲ್ಲ. ಆದರೆ ನನ್ನ ಮಂಡಿಗೆ ಮೀಟಿಂಗ್ ಗೊತ್ತಾಗುವುದಿಲ್ಲ. ಅಜ್ಜಿಗೂ ಒಂದು ಟೈಮ್‌ಟೇಬಲ್ ಬರೆಯಿರಿ. ಇಷ್ಟರಿಂದ ಇಷ್ಟು ಹೊತ್ತು ನಿಮ್ಮದು, ಉಳಿದದ್ದು ನಮ್ಮದು ಅಂತ. ಮಧ್ಯಾಹ್ನ ಊಟದ ಮೇಲೆ ಒಂದು ಗಂಟೆ ನನ್ನನ್ನು ಯಾರೂ ಕರೆಯಬಾರದು. ನಮ್ಮ ಮನೆಯಲ್ಲಿ ಈಗ ಹಾಗೆ ಮಾಡಿದ್ದೇವೆ.

ಇನ್ನೊಂದು ಕೇಳಬೇಕು. ಯಜಮಾನರು ತೋಟ ನೋಡಿಕೊಳ್ಳುತ್ತಾರೆ ಅಂದಿರಿ. ಜುಲೈ ಮಳೆಯಲ್ಲಿ ತೋಟದಲ್ಲಿ ಎಷ್ಟು ಹೊತ್ತು ಕೆಲಸ ಇರುತ್ತದೆ ಅಂತ ನಮಗೂ ಗೊತ್ತಲ್ಲ ಮಗಾ. ಕುಯ್ಲಿನ ಕಾಲ ಬೇರೆ.

ಪೊನ್ನಂಪೇಟೆ ಅಪ್ಪ | ಜುಲೈ 11, ರಾತ್ರಿ 8:20

ಅಜ್ಜಿ, ಇದನ್ನು ಓದುತ್ತಿರುವ ಎಷ್ಟು ಯಜಮಾನರು ಈಗ ಫೋನ್ ಕೆಳಗಿಟ್ಟಿರಬಹುದು!

ಗಾಳಿಬೀಡಿನ ಅವ್ವ | ಜುಲೈ 12, ಬೆಳಗ್ಗೆ 6:10

ಅಜ್ಜಿ, ನಿಮ್ಮ ಮಾತು ಓದಿ ರಾತ್ರಿ ಅತ್ತೆಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ‘ಆ ಅಜ್ಜಿ ಯಾವ ಊರಿನವರು?’ ಅಂತ ಮಾತ್ರ ಕೇಳಿದರು. ಅಷ್ಟರಲ್ಲೇ ನನಗೆ ಅರ್ಥವಾಯಿತು.

ಯಜಮಾನರಿಗೂ ಓದಿ ಹೇಳಿದೆ. ‘ಚರಂಡಿ ಬಿಡಿಸುವ ಕೆಲಸ ಇದೆ’ ಅಂದರು. ಎಷ್ಟು ಹೊತ್ತು ಅಂತ ಕೇಳಿದೆ. ಉತ್ತರ ಬರಲಿಲ್ಲ.

ಗಾಳಿಬೀಡಿನ ಅವ್ವ | ಜುಲೈ 31, ರಾತ್ರಿ 9:45

ಮೂರು ವಾರ ಆಯಿತು. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಬೆಳಗ್ಗೆ 8ರಿಂದ 8:45, ನಾನು ಮತ್ತು ಅವಳು. ಲ್ಯಾಪ್‌ಟಾಪ್ ತೆರೆದಿರುವುದಿಲ್ಲ, ಫೋನ್ ಅಡುಗೆಮನೆಯಲ್ಲಿ. ಹೊಸದೆಲ್ಲ ಆಗಲೇ. ರ, ಗ, ಸ, ದ, ಅ ನಾಲ್ಕೇ ದಿನಕ್ಕೆ ಬಂತು ಮೇಷ್ಟ್ರೇ. ಮನೆಯಲ್ಲಿ ಸಿಕ್ಕಸಿಕ್ಕಲ್ಲೆಲ್ಲ ‘ಅರಸ’ ಅಂತ ಬರೆದಿಟ್ಟಿದ್ದಾಳೆ, ಫ್ರಿಜ್ಜಿನ ಮೇಲೂ ಇದೆ. 10ರಿಂದ 11 ಅವಳ ಅಪ್ಪನ ಪಾಲು. ಅವರು ಪುಸ್ತಕ ಮುಟ್ಟುವುದಿಲ್ಲ. ಕಳೆದ ವರ್ಷದ ಒಳ್ಳೆಮೆಣಸು ತಕ್ಕಡಿಯಲ್ಲಿ ಹಾಕಿ ಕಾಲು ಕಿಲೋ, ಅರ್ಧ ಕಿಲೋ ಅಂತ ತೂಗಿಸುತ್ತಾರೆ. ಮೊದಲ ದಿನ ಇಬ್ಬರೂ ಸೀನುತ್ತಾ ಬಂದರು. ಮಧ್ಯಾಹ್ನ ಅತ್ತೆ ಮಲಗುತ್ತಾರೆ, ಆ ಹೊತ್ತಿಗೆ ನಾನು ಮೀಟಿಂಗ್ ಇಟ್ಟುಕೊಳ್ಳುವುದಿಲ್ಲ. ಕ್ಯಾಲೆಂಡರ್ ಮುಚ್ಚಿದ್ದೇನೆ, ಕಾರಣ ಬರೆದಿಲ್ಲ. ಇದುವರೆಗೆ ಯಾರೂ ಕೇಳಿಲ್ಲ.

ಎಲ್ಲ ಸರಿಯಾಗಿದೆ ಅಂತ ತಿಳಿಯಬೇಡಿ. ಕಳೆದ ವಾರ ಎರಡು ದಿನ ಕರೆಂಟ್ ಇರಲಿಲ್ಲ. ಮೊದಲ ದಿನ ಮಡಿಕೇರಿಯಲ್ಲಿ ತಂಗಿಯ ಮನೆಗೆ ಹೋಗಿ ಕೆಲಸ ಮುಗಿಸಿದೆ. ಎರಡನೇ ದಿನ ಅಲ್ಲೂ ಇರಲಿಲ್ಲ. ಆವತ್ತು ಮಗಳು ಏನೂ ಕಲಿಯಲಿಲ್ಲ, ನಾನು ಅರ್ಧ ದಿನ ರಜೆ ಹಾಕಿದೆ. ಬೇರೆ ಮಕ್ಕಳ ಜೊತೆ ಬಿಡಿ ಅಂದಿದ್ದಿರಿ. ಶನಿವಾರ ಮಾತ್ರ ಆಗುತ್ತಿದೆ, ತಂಗಿಯ ಮಕ್ಕಳ ಜೊತೆ. ಅದು ಸಾಲದು, ಗೊತ್ತು. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾದರೆ ಅಪ್ಪನ ಪಾಲಿನ ಗಂಟೆ ಏನಾಗುತ್ತದೋ, ಅದೂ ಗೊತ್ತಿಲ್ಲ. ಮುಂದಿನ ಜೂನ್‌ಗೆ ಶಾಲೆಗೆ ಹಾಕುವುದು ಅಂತಲೇ ಈಗಿನ ಯೋಚನೆ.

ಮೇಷ್ಟ್ರೇ, ಒಂದು ಸಮಸ್ಯೆ. ಆಗಸ್ಟ್ 3ಕ್ಕೆ ಆಟಿ 18, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ, ಕೊಡವರು ಕಕ್ಕಡ 18 ಅನ್ನುತ್ತಾರಲ್ಲ. ಮದ್ದುಸೊಪ್ಪಿನ ಪಾಯಸಕ್ಕೆ ಅತ್ತೆ ಈಗಲೇ ಸೊಪ್ಪು ಎಲ್ಲಿದೆ ಅಂತ ನೋಡಿಟ್ಟಿದ್ದಾರೆ. ಆ ಸೊಪ್ಪು ಕುದಿಸಿದರೆ ನೀರು ನೇರಳೆ ಆಗುತ್ತದೆ ಅಂತ ಕೇಳಿದ ಮೇಲೆ ಇವಳಿಗೆ ‘ಮದ್ದು’ ಅಂತ ಬರೆಯಲೇಬೇಕಂತೆ. ಒತ್ತಕ್ಷರ ಇನ್ನೂ ದೂರ ಅಂದಿದ್ದಿರಿ. ಏನು ಮಾಡಲಿ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ ಕಡೆ | ಜುಲೈ 31, ರಾತ್ರಿ 10:00

ಬರೆಸಿ. ಮಗು ಕೇಳಿದಾಗ ನಾನು ಹೇಳಿದ್ದನ್ನೆಲ್ಲ ಮರೆತುಬಿಡಿ. ‘ದ’ ಬರುತ್ತದಲ್ಲ, ಅದಕ್ಕೊಂದು ಪುಟ್ಟ ‘ದ’ ಕೆಳಗೆ ಕೂರುತ್ತದೆ ಅನ್ನಿ. ‘ಮ’ ಮತ್ತು ಕೊನೆಯ ಉಕಾರದ ಕೊಂಬು ಮಾತ್ರ ಹೊಸದು.

ಚೇರಂಬಾಣೆ ಅಜ್ಜಿ | ಆಗಸ್ಟ್ 1, ಬೆಳಗ್ಗೆ 5:50

ಆವತ್ತು ಮಗುವಿಗೆ ಹಳೆಯ ಅಂಗಿ ಹಾಕಿ. ಆ ಕಲೆ ಹೋಗುವುದಿಲ್ಲ. ಮಾರನೆಯ ದಿನ ಮೂತ್ರ ಕೆಂಪಗಾದರೆ ಹೆದರಬಾರದು ಅಂತ ಮೊದಲೇ ಹೇಳಿಡಿ. ನಮ್ಮ ಮೊಮ್ಮಗ ಹೋದ ವರ್ಷ ಮೀಟಿಂಗ್ ರೂಮಿಗೇ ಓಡಿ ಹೋಗಿ ಕೂಗಿದ್ದ.